ಟ್ಯೂಬ್‌ಲೆಸ್ ರಿಮ್ ತಗೊಳ್ಳೋ ಮುಂಚೆ ಅದರ ಒಳಗೆ ಬೆರಳಿಟ್ಟು ನೋಡಿ

ಮೌಂಟನ್ ಬೈಕ್ ಸೈಕಲ್ಲಿನ ಟ್ಯೂಬ್‌ಲೆಸ್ ರಿಮ್ ಕೈಗೆ ಕೊಟ್ಟ ತಕ್ಷಣ ಹೆಚ್ಚಿನವ್ರು ಮಾಡೋ ಕೆಲಸ ಒಂದೇ, ಎರಡು ಬೆರಳಲ್ಲಿ ಎತ್ತಿ ತೂಕ ನೋಡೋದು. ಹಗುರ ಇದ್ರೆ ಮುಗೀತು, ಅದೇ ಬೇಕು ಅಂತಾರೆ. ನಾನು ಮೊದ್ಲು ಹೆಬ್ಬೆರಳನ್ನ ಟೈರ್ ಕೂರೋ ಕಡೆ ಒಳಗಿಟ್ಟು, ಈ ಗೋಡೆಯಿಂದ ಆ ಗೋಡೆವರೆಗೂ ಅಡ್ಡಕ್ಕೆ ಎಳೀತೀನಿ. ಗೋಡೆ ಪಕ್ಕದಲ್ಲೇ ಒಂದು ಸಣ್ಣ ಕಟ್ಟೆ ಸಿಗ್ಬೇಕು, ಕಟ್ಟೆ ಮುಗಿಯೋ ಕಡೆ ಒಂದು ಪುಟ್ಟ ಉಬ್ಬು, ಅದು ದಾಟಿದ್ರೆ ನಡುವೆ ಒಂದು ಹಳ್ಳ, ಆಮೇಲೆ ಮತ್ತೆ ಉಬ್ಬು, ಮತ್ತೆ ಕಟ್ಟೆ. ಇದಿಷ್ಟೂ ಬೆರಳಿಗೆ ಸ್ಪಷ್ಟವಾಗಿ ಗೊತ್ತಾದ್ರೆ ಆ ರಿಮ್ ಬಗ್ಗೆ ಮುಂದಿನ ಮಾತು, ಇಲ್ಲಾಂದ್ರೆ ಅದು ಎಷ್ಟೇ ಹಗುರ ಇರ್ಲಿ, ಮೇಲೆ ಟ್ಯೂಬ್‌ಲೆಸ್ ಅಂತ ಎಷ್ಟೇ ದೊಡ್ಡ ಸ್ಟಿಕ್ಕರ್ ಇರ್ಲಿ, ನಾನು ವಾಪಸ್ ಇಡ್ತೀನಿ.

ಯಾಕೆ ಇಷ್ಟು ಹಠ ಅಂದ್ರೆ, ಟ್ಯೂಬ್ ಇರೋ ಗಾಡೀಲಿ ಗಾಳಿ ಹಿಡಿದಿಡೋ ಕೆಲಸ ಪೂರ್ತಿ ಟ್ಯೂಬಿಂದು, ರಿಮ್ಮು ಟೈರ್‌ನ ಜಾಗದಲ್ಲಿ ಹಿಡ್ಕೊಂಡು ಕೂತಿದ್ರೆ ಸಾಕು. ಟ್ಯೂಬ್ ತೆಗೆದ್ರೆ ಲೆಕ್ಕ ಬದಲಾಗುತ್ತೆ. ಈಗ ಗಾಳಿ ತುಂಬಿರೋ ಪಾತ್ರೆಯ ಮೇಲರ್ಧ ಟೈರು, ಕೆಳಗರ್ಧ ರಿಮ್ಮು, ಎರಡೂ ಸೇರೋ ಅಂಚು ಪಾತ್ರೆಗೆ ಮುಚ್ಚಳ ಕೂತ ಹಾಗೆ ಬಿಗಿಯಾಗಿ ಕೂರ್ಬೇಕು. ಟೈರಿನ ಆ ಅಂಚಿಗೇ ಬೀಡ್ ಅನ್ನೋದು. ಅದರೊಳಗೆ ತಂತಿಯೋ ಅಥವಾ ಕೆವ್ಲರ್ ಥರದ ದಾರವೋ ಇರುತ್ತೆ, ಅದು ರಬ್ಬರ್ ಥರ ಹಿಗ್ಗಲ್ಲ, ಹಿಗ್ಗಲೂಬಾರ್ದು.

ಬೀಡ್ ಹಿಗ್ಗಲ್ಲ ಅಂದ್ರೆ ಟೈರ್ ರಿಮ್ಮಿನ ಗೋಡೆ ದಾಟಿ ಒಳಗೆ ಹೋಗೋದು ಹೇಗೆ? ಅದಕ್ಕೇ ನಡುವಿನ ಹಳ್ಳ. ಒಂದು ಕಡೆ ಬೀಡನ್ನ ಹಳ್ಳಕ್ಕೆ ಇಳಿಸಿದ್ರೆ ಆ ಭಾಗದಲ್ಲಿ ಸುತ್ತಳತೆ ಕಮ್ಮಿ ಆಗುತ್ತೆ, ಉಳಿದ ಸಡಿಲ ಎದುರು ಕಡೆಗೆ ಬರುತ್ತೆ, ಆ ಸಡಿಲದಲ್ಲಿ ಗೋಡೆ ದಾಟಿಸಬಹುದು. ಟೈರ್ ಹಾಕುವಾಗ ವಾಲ್ವ್ ಎದುರಿನ ಜಾಗದಿಂದ ಶುರು ಮಾಡಿ ವಾಲ್ವ್ ಹತ್ರ ಮುಗಿಸಿ ಅಂತ ಹೇಳೋದೂ ಇದಕ್ಕೇ, ವಾಲ್ವ್ ಬುಡದ ರಬ್ಬರ್ ಹಳ್ಳದಲ್ಲಿ ಕೂತಿರುತ್ತೆ, ಅಲ್ಲಿ ಬೀಡ್ ಇಳಿಯೋಕೆ ಜಾಗ ಇರಲ್ಲ, ಅದನ್ನ ಕೊನೆಗೆ ಇಟ್ಕೊಂಡ್ರೆ ಉಳಿದ ಸುತ್ತು ಪೂರ್ತಿ ಹಳ್ಳದಲ್ಲಿ ಇಳಿದಿರುತ್ತೆ. ಹಳ್ಳ ಆಳ ಇಲ್ಲದ ರಿಮ್ಮಲ್ಲಿ ಟೈರ್ ಹಾಕೋದು ಎಷ್ಟು ಕಷ್ಟ ಅಂದ್ರೆ, ಲಿವರ್ ಮೂರು ಹಾಕಿ ಒತ್ತಿ ಒತ್ತಿ, ಕೊನೆಗೆ ಕಡ್ಡಿ (ಸ್ಪೋಕ್) ತೂತು ಮುಚ್ಚೋಕೆ ಒಳಗೆ ಸುತ್ತಿರೋ ಟೇಪೇ ಹರಿದು ಹೋಗುತ್ತೆ.

ಆಮೇಲೆ ಪಂಪು. ಗಾಳಿ ಹೊಡೆದಾಗ ಬೀಡ್ ಹಳ್ಳದಿಂದ ಮೇಲೆದ್ದು, ಉಬ್ಬು ಹತ್ತಿ, ದಾಟಿ, ಕಟ್ಟೆ ಮೇಲೆ ಬೀಳುತ್ತೆ. ಬೀಳುವಾಗ "ಟಪ್" ಅಂತ ಸದ್ದು ಬರುತ್ತೆ, ಮೊದಲ ಸಲ ಕೇಳಿದವ್ರು ಏನೋ ಒಡೀತು ಅಂತ ಹೆದರ್ತಾರೆ, ಆದ್ರೆ ಅದು ಒಳ್ಳೇ ಸದ್ದು, ಬೀಡ್ ಮನೆ ಸೇರಿದ ಸದ್ದು. ಸಾಮಾನ್ಯವಾಗಿ 30-40 ಪಿಎಸ್‌ಐ ಒಳಗೆ ಎರಡೂ ಕಡೆ ಕೂತಿರುತ್ತೆ. ಕೂತಿಲ್ಲಾಂದ್ರೆ ಟೈರ್ ಮೇಲೆ, ರಿಮ್ ಮೇಲೆ ಬರೆದಿರೋ ಮಿತಿ ದಾಟಿ ಹೊಡೀತಾ ಹೋಗ್ಬೇಡಿ, ಇಳಿಸಿ, ಬೀಡಿಗೆ ಸ್ವಲ್ಪ ಸೋಪ್ ನೀರು ಸವರಿ, ಮತ್ತೆ ಹೊಡೀರಿ. ಉಬ್ಬಿನ ನಿಜವಾದ ಕೆಲಸ ಇನ್ಮೇಲೆ ಇರೋದು. ಮೌಂಟನ್ ಬೈಕ್‌ನಲ್ಲಿ ಪ್ರೆಷರ್ ಕಮ್ಮಿ, ತಿರುವಲ್ಲಿ ಜೋರಾಗಿ ವಾಲಿಸಿದಾಗ ಟೈರ್ ಪಕ್ಕಕ್ಕೆ ಎಳೆಯುತ್ತೆ, ಬೀಡ್ ಕಟ್ಟೆಯಿಂದ ಜಾರಿ ಹಳ್ಳದ ಕಡೆಗೆ ಬರೋಕೆ ನೋಡುತ್ತೆ. ಉಬ್ಬು ಅದನ್ನ ತಡೆಯುತ್ತೆ. ಉಬ್ಬು ಇಲ್ಲದ ರಿಮ್ಮಲ್ಲಿ ಒಂದು ಕ್ಷಣ ಅಂಚು ತೆರೆದು ಬುಸ್ ಅಂತ ಗಾಳಿ ಹೊರಗೆ ಹೋಗುತ್ತೆ, ಇದಕ್ಕೆ ಬರ್ಪ್ ಅಂತಾರೆ, ಟೈರ್ ತೇಗಿದ ಹಾಗೆ. ಹಿಂದಿನ ಚಕ್ರದಲ್ಲಾದ್ರೆ ಗಾಡಿ ಸ್ವಲ್ಪ ಓಲಾಡುತ್ತೆ ಅಷ್ಟೇ. ಮುಂದಿನ ಚಕ್ರದಲ್ಲಿ, ಇಳಿಜಾರಿನ ತಿರುವಲ್ಲಿ ಆದ್ರೆ ನೆಲಕ್ಕೆ ಬೀಳೋದೇ. ಹಳೇ ಟ್ಯೂಬ್ ರಿಮ್ಮಿಗೆ ಟೇಪ್ ಸುತ್ತಿ ಟ್ಯೂಬ್‌ಲೆಸ್ ಮಾಡ್ಕೋಬಹುದಾ ಅಂತ ಕೇಳ್ತಾರೆ, ಗಾಳಿ ನಿಲ್ಲುತ್ತೆ ನಿಜ, ಆದ್ರೆ ಉಬ್ಬು ಎಲ್ಲಿಂದ ತರ್ತೀರಿ? ಮುಂದಿನ ಚಕ್ರಕ್ಕಂತೂ ದಯವಿಟ್ಟು ಬೇಡ.

ಈ ವ್ಯವಸ್ಥೆ ಹೇಗೆ ಬಂತು ಅಂತ ಸ್ವಲ್ಪ ಗೊತ್ತಿದ್ರೆ ಸ್ಟಿಕ್ಕರ್‌ಗಳ ಗೊಂದಲ ಕಮ್ಮಿ ಆಗುತ್ತೆ. 1999ರಲ್ಲಿ ಫ್ರಾನ್ಸಿನ ಮಾವಿಕ್ ಕಂಪನಿ, ಹಚಿನ್ಸನ್ ಮತ್ತು ಮಿಶೆಲಿನ್ ಜೊತೆ ಸೇರಿ ಯುಎಸ್‌ಟಿ ಅನ್ನೋ ಪದ್ಧತಿ ತಂತು. ಅದರಲ್ಲಿ ಟೈರ್ ಕಡೆಯ ತಳದಲ್ಲಿ ಕಡ್ಡಿ ತೂತುಗಳೇ ಇರ್ತಿರ್ಲಿಲ್ಲ, ಹಾಗಾಗಿ ಟೇಪೂ ಬೇಡ, ಟೈರ್ ಒಳಗೂ ಗಾಳಿ ಬಿಡದ ರಬ್ಬರ್ ಪದರ ಇತ್ತು, ಸೀಲೆಂಟ್ ಇಲ್ಲದೇನೂ, ಅಂದ್ರೆ ಸಣ್ಣ ತೂತು ಮುಚ್ಚೋ ದ್ರವ ಸುರಿಯದೇನೂ ಗಾಳಿ ನಿಲ್ತಿತ್ತು. ಕೆಲಸ ಚೊಕ್ಕ, ಆದ್ರೆ ಟೈರ್ ಭಾರ. ಆಮೇಲೆ ಸ್ಟ್ಯಾನ್ಸ್ ನೋಟ್ಯೂಬ್ಸ್ ಥರದ ಕಂಪನಿಯವ್ರು ಬೇರೆ ದಾರಿ ಹಿಡಿದ್ರು, ಮಾಮೂಲಿ ತೂತಿರೋ ರಿಮ್ಮಿಗೆ ಟೇಪ್ ಹಾಕಿ ಮುಚ್ಚೋದು, ಹಗುರ ಟೈರ್ ಹಾಕೋದು, ಅದರ ಸಣ್ಣ ಸಣ್ಣ ರಂಧ್ರಗಳನ್ನ ಲೇಟೆಕ್ಸ್ ದ್ರವ ಸುರಿದು ಮುಚ್ಚೋದು. ಇವತ್ತು ಅಂಗಡೀಲಿ ಸಿಗೋದು ಬಹುಪಾಲು ಈ ಎರಡನೇ ಥರದ್ದೇ. ಟ್ಯೂಬ್‌ಲೆಸ್ ರೆಡಿ ಅಂತ ಬರೆದಿದ್ರೆ ಅದರ ಅರ್ಥ ಟೇಪು, ವಾಲ್ವು, ಸೀಲೆಂಟು ಸೇರಿದ್ಮೇಲೆ ಟ್ಯೂಬ್‌ಲೆಸ್ ಆಗೋಕೆ ತಯಾರಿದೆ ಅಂತ. ಎಲ್ಲಾ ಕಂಪನಿಯವ್ರೂ ಆ ಮಾತನ್ನ ಒಂದೇ ಅಳತೇಲಿ ಬಳಸಲ್ಲ. ಕಟ್ಟೆಯ ವ್ಯಾಸದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸ ಆದ್ರೂ ಸುತ್ತಳತೇಲಿ ಒಂದೂವರೆ ಮಿಲಿಮೀಟರ್‌ಗಿಂತ ಜಾಸ್ತಿ ಆಗುತ್ತೆ, ಹಿಗ್ಗದ ಬೀಡಿಗೆ ಅದು ದೊಡ್ಡ ಅಂತರ. ಅದಕ್ಕೇ ಒಂದೇ ಟೈರ್ ಒಂದು ರಿಮ್ಮಲ್ಲಿ ಕೈಯಲ್ಲೇ ಕೂತು, ಇನ್ನೊಂದರಲ್ಲಿ ಬೆವರಿಳಿಸೋದು. ಸಾಧ್ಯ ಆದ್ರೆ ನಿಮ್ಮ ಟೈರನ್ನೇ ಜೊತೆಗೆ ತಗೊಂಡು ಹೋಗಿ, ಆ ರಿಮ್ಮಿಗೆ ಅಲ್ಲೇ ಹಾಕಿ ನೋಡಿ. ಕೈಯಲ್ಲಿ ಬಿಗಿಯಾಗಿ ಹೋಗ್ಬೇಕು. ಬಳೆ ಥರ ಸುಲಭವಾಗಿ ಜಾರಿ ಒಳಗೆ ಹೋಯ್ತು ಅಂದ್ರೆ ಅದೂ ಒಳ್ಳೇದಲ್ಲ.

ಈಗ ಅಗಲ. ಜನ ಅತಿ ಹೆಚ್ಚು ಎಡವೋದು ಇಲ್ಲೇ, ನಾನೂ ಎಡವಿದ್ದೀನಿ. ರಿಮ್ಮಿಗೆ ಎರಡು ಅಗಲ ಇರುತ್ತೆ, ಹೊರಗಿಂದು ಮತ್ತು ಒಳಗಿಂದು. ನಮಗೆ ಬೇಕಾದ್ದು ಒಳಗಿನ ಅಗಲ, ಅಂದ್ರೆ ಎರಡು ಗೋಡೆ ನಡುವಿನ ಅಂತರ. ನಾನು ಒಮ್ಮೆ 30 ಅಂತ ನೋಡಿ ಖುಷಿಯಿಂದ ತಗೊಂಡೆ, ಮನೆಗೆ ಬಂದು ಅಳೆದ್ರೆ ಅದು ಹೊರಗಿನ ಅಳತೆ, ಒಳಗೆ 25 ಇತ್ತು. ರಿಮ್ಮಿನ ಮೇಲೆ 622x30 ಅಂತ ಬರೆದಿದ್ರೆ 622 ಅನ್ನೋದು ಬೀಡ್ ಕೂರೋ ವ್ಯಾಸ, 30 ಅನ್ನೋದು ಒಳ ಅಗಲ, ಎರಡೂ ಮಿಲಿಮೀಟರ್‌ನಲ್ಲಿ. 29 ಇಂಚಿನ ಚಕ್ರ ಅಂದ್ರೆ 622, 27.5 ಅಂದ್ರೆ 584, ಹಳೇ 26 ಅಂದ್ರೆ 559. ಟೈರ್ ಪಕ್ಕದಲ್ಲೂ ಇದೇ ಥರ ಬರಹ ಇರುತ್ತೆ, 61-622 ಅಂದ್ರೆ 61 ಮಿಲಿಮೀಟರ್ ಅಗಲದ ಟೈರು, ಅಂದ್ರೆ 2.4 ಇಂಚು. ಇಂಚಿನ ಹೆಸರುಗಳನ್ನ ನಂಬೋದಕ್ಕಿಂತ ಈ ಮಿಲಿಮೀಟರ್ ನಂಬರ್ ನಂಬೋದು ವಾಸಿ.

ಅಗಲ ಟೈರ್‌ಗೆ ಕಿರಿದಾದ ರಿಮ್ ಹಾಕಿದ್ರೆ ಟೈರು ಬಲ್ಬ್ ಆಕಾರಕ್ಕೆ ಬರುತ್ತೆ, ಬುಡ ಸಣ್ಣ, ಮೇಲೆ ದಪ್ಪ. ನೇರ ಹೋಗುವಾಗ ಏನೂ ಗೊತ್ತಾಗಲ್ಲ, ತಿರುವಲ್ಲಿ ಮಾತ್ರ ಮೇಲಿನ ಭಾಗ ಪಕ್ಕಕ್ಕೆ ಮಡಚಿಕೊಂಡು ಗಾಡಿ ಎಲ್ಲಿಗೆ ಹೋಗುತ್ತೋ ಅನ್ನೋ ಅನುಮಾನ ಬರುತ್ತೆ, ಆ ಅನುಮಾನಕ್ಕೆ ನಾವು ಗಾಳಿ ಜಾಸ್ತಿ ಹೊಡೀತೀವಿ, ಗಾಳಿ ಜಾಸ್ತಿ ಆದ್ರೆ, ಕಮ್ಮಿ ಗಾಳೀಲಿ ಓಡಿಸ್ಬೇಕು ಅಂತ ಟ್ಯೂಬ್‌ಲೆಸ್ ಮಾಡಿಸಿದ ಉದ್ದೇಶವೇ ಹೋಯ್ತಲ್ಲ. ಅದೇ ಕಿರಿದಾದ ಟೈರ್‌ಗೆ ತುಂಬಾ ಅಗಲದ ರಿಮ್ ಹಾಕಿದ್ರೆ ಟೈರ್ ಮೇಲ್ಭಾಗ ಚಪ್ಪಟೆ ಆಗುತ್ತೆ, ಪಕ್ಕದ ಗುಬುಟುಗಳು ನೇರ ಹೋಗುವಾಗಲೇ ನೆಲಕ್ಕೆ ತಾಗುತ್ತೆ, ವಾಲಿಸಿದಾಗ ಇದ್ದಕ್ಕಿದ್ದ ಹಾಗೆ ಹಿಡಿತ ಬಿಡುತ್ತೆ. ಅದಕ್ಕಿಂತ ಕೆಟ್ಟದ್ದು, ಟೈರ್‌ನ ತೆಳು ಪಕ್ಕೆ ಮತ್ತು ರಿಮ್ಮಿನ ಅಂಚು ಎರಡೂ ಕಲ್ಲಿಗೆ ಎದೆ ಕೊಟ್ಟು ನಿಲ್ಲುತ್ತೆ.

ನನ್ನ ಲೆಕ್ಕ ಹೀಗೆ: 2.2ರಿಂದ 2.35 ಟೈರ್, ಹತ್ತೋದು ಓಡಿಸೋದೇ ಜಾಸ್ತಿ ಅಂದ್ರೆ ಒಳಗೆ 25 ಮಿಲಿಮೀಟರ್ ಸಾಕು. 2.4, 2.5 ಹಾಕೋರಿಗೆ, ಕಲ್ಲುಗಿಲ್ಲು ದಾರೀಲಿ ಇಳಿಯೋರಿಗೆ 30. 2.6ರಿಂದ 2.8 ಟೈರ್ ಅಂದ್ರೆ 35. ಮಧ್ಯದಲ್ಲಿ ಅನುಮಾನ ಬಂದ್ರೆ 30 ತಗೊಳ್ಳಿ, ಇವತ್ತಿನ ಹೆಚ್ಚಿನ ಟೈರ್‌ಗಳ ಆಕಾರ ಅದನ್ನೇ ಮನಸ್ಸಲ್ಲಿಟ್ಟು ಮಾಡಿದ್ದು. ಇನ್ನೊಂದು ಮರೆಯೋ ವಿಷಯ, ರಿಮ್ ಅಗಲ ಆದ್ರೆ ಟೈರೂ ಅಗಲ ಆಗುತ್ತೆ, ರಿಮ್ 5 ಮಿಲಿಮೀಟರ್ ಜಾಸ್ತಿ ಮಾಡಿದ್ರೆ ಟೈರ್ ಹೆಚ್ಚುಕಮ್ಮಿ 2 ಮಿಲಿಮೀಟರ್ ಹಿಗ್ಗುತ್ತೆ, ಹಿಂದೆ ಫ್ರೇಮಿಗೆ ಟೈರಿಗೆ ನಡುವೆ ಜಾಗ ಎಷ್ಟಿದೆ ಅಂತ ಮೊದಲೇ ನೋಡ್ಕೊಳ್ಳಿ, ಕೆಸರು ಮೆತ್ತಿಕೊಂಡಾಗ ಆ ಜಾಗ ಬೇಕೇ ಬೇಕು.

ಹುಕ್ ಇರೋದಾ ಇಲ್ಲದ್ದಾ ಅನ್ನೋ ಚರ್ಚೆ ತುಂಬಾ ನಡೆಯುತ್ತೆ. ಗೋಡೆ ತುದೀಲಿ ಒಳಗಡೆಗೆ ಸಣ್ಣ ಕೊಕ್ಕೆ ಥರ ಬಾಗಿದ್ರೆ ಹುಕ್, ನೆಟ್ಟಗೆ ಇದ್ರೆ ಹುಕ್‌ಲೆಸ್. ಹುಕ್‌ಲೆಸ್ ರಿಮ್ಮಿಗೆ 5 ಬಾರ್, ಅಂದ್ರೆ ಸುಮಾರು 72 ಪಿಎಸ್‌ಐ ಮಿತಿ ಇದೆ, ರಸ್ತೆ ಸೈಕಲ್‌ನವ್ರಿಗೆ ಅದು ತಲೆಬಿಸಿ. ನಾವು ಓಡಿಸೋದು 20ರಿಂದ 30 ಪಿಎಸ್‌ಐ ಒಳಗೆ, ನಮಗೆ ಆ ಮಿತಿ ಹತ್ರಕ್ಕೂ ಬರಲ್ಲ. ನಾನು ಇದರ ಮೇಲೆ ರಿಮ್ ಆಯ್ಕೆ ಮಾಡಲ್ಲ. ಗೋಡೆ ತುದಿ ಎಷ್ಟು ದಪ್ಪ ಇದೆ ಅಂತ ಮಾತ್ರ ನೋಡ್ತೀನಿ. ತುದಿ ಚೂಪಾಗಿದ್ರೆ ಕಲ್ಲಿಗೆ ಬಡಿದಾಗ ಟೈರ್ ಕತ್ತರಿಸುತ್ತೆ, ದಪ್ಪ, ದುಂಡು ಇದ್ರೆ ಏಟು ಹರಡಿಕೊಳ್ಳುತ್ತೆ.

ಏಟಿನ ಮಾತು ಬಂತು. ಎರಡು ಮಳೆಗಾಲದ ಹಿಂದೆ, ಇಳಿಜಾರಲ್ಲಿ ಒಂದು ಚೂಪು ಬಂಡೆ ಅಂಚಿಗೆ ನನ್ನ ಹಿಂದಿನ ಚಕ್ರ ಬಡೀತು, ಠಣ್ ಅಂತ ಸದ್ದು, ಅಷ್ಟೊತ್ತಿಗೇ ಗೊತ್ತಾಯ್ತು. ನಿಲ್ಲಿಸಿ ನೋಡಿದ್ರೆ ರಿಮ್ಮಿನ ಗೋಡೆ ಎರಡು ಬೆರಳಗಲ ಜಾಗದಲ್ಲಿ ಹೊರಗೆ ಬಾಗಿದೆ, ಅಲ್ಲಿಂದ ಬಿಳಿ ಸೀಲೆಂಟು ನೊರೆನೊರೆಯಾಗಿ ಬರ್ತಿದೆ, ಚಕ್ರ ತಿರುಗಿಸಿ ಆ ಜಾಗ ಕೆಳಗೆ ಬರೋ ಹಾಗೆ ಇಟ್ರೆ ಸೀಲೆಂಟ್ ಅಲ್ಲಿ ಸೇರಿ ಸ್ವಲ್ಪ ನಿಲ್ಲುತ್ತೆ, ಎತ್ತಿದ್ರೆ ಮತ್ತೆ ಬುಸ್. ಟ್ಯೂಬ್ ಗಾಡಿ ಆಗಿದ್ರೆ ಆ ಬಾಗು ಲೆಕ್ಕಕ್ಕೇ ಇರ್ಲಿಲ್ಲ. ಟ್ಯೂಬ್‌ಲೆಸ್‌ನಲ್ಲಿ ಕಟ್ಟೆ ಬಾಗಿದ್ರೆ ಪಾತ್ರೆ ಬಾಯಿ ಸೊಟ್ಟ ಆದ ಹಾಗೆ, ಮುಚ್ಚಳ ಹೇಗೆ ಕೂರ್ಬೇಕು. ಅವತ್ತು ಬ್ಯಾಗಲ್ಲಿದ್ದ ಟ್ಯೂಬ್ ಹಾಕಿ ಮನೆಗೆ ಬಂದೆ, ಆಮೇಲೆ ಟೈರ್ ಬಿಚ್ಚಿ, ಗೋಡೆಗೆ ಬಟ್ಟೆ ಸುತ್ತಿ, ಅಡ್ಜಸ್ಟಬಲ್ ಸ್ಪ್ಯಾನರ್‌ನ ಬಾಯಿ ಬಿಗಿ ಮಾಡಿ ಹಿಡಿದು, ಸ್ವಲ್ಪ ಸ್ವಲ್ಪವೇ ಒಳಕ್ಕೆ ಎಳೆದೆ. ಒಂದೇ ಸಲ ಎಳೆದ್ರೆ ಅಲ್ಯೂಮಿನಿಯಂ ಬಿರುಕು ಬಿಡುತ್ತೆ, ಅದಕ್ಕೇ ಹತ್ತು ಸಲ ಅಕ್ಕಪಕ್ಕ ಜರುಗಿಸ್ತಾ ಎಳೆದು, ಉಗುರಲ್ಲಿ ಸವರಿ ನೋಡ್ತಾ ಮಾಡಿದ್ದು. ಆ ರಿಮ್ ಇವತ್ತಿಗೂ ಓಡ್ತಿದೆ.

ಅಲ್ಯೂಮಿನಿಯಂ ಮೇಲೆ ನನಗಿರೋ ಪ್ರೀತಿಗೆ ಇದೇ ಕಾರಣ, ಏಟು ಬಿದ್ರೆ ಬಾಗುತ್ತೆ, ಬಾಗಿದ್ದು ಕಣ್ಣಿಗೆ ಕಾಣುತ್ತೆ, ಹೆಚ್ಚಿನ ಸಲ ಸರಿ ಮಾಡಬಹುದು. ಕಾರ್ಬನ್ ಗಟ್ಟಿ, ಹಗುರ, ಸಣ್ಣ ಏಟಿಗೆ ಏನೂ ಆಗಲ್ಲ, ಆದ್ರೆ ಮಿತಿ ದಾಟಿದ್ರೆ ಸೀಳುತ್ತೆ, ಸೀಳಿದ್ದನ್ನ ಸ್ಪ್ಯಾನರ್ ಹಾಕಿ ಎಳೆಯೋಕಾಗಲ್ಲ. ರೇಸ್ ಓಡಿಸೋರು, ವಾರಂಟಿ ಚೆನ್ನಾಗಿರೋ ಕಡೆ ತಗೊಳ್ಳೋರು ಖಂಡಿತ ತಗೊಳ್ಳಿ. ಮೊದಲ ಟ್ಯೂಬ್‌ಲೆಸ್ ಚಕ್ರ ಅಂದ್ರೆ ನನ್ನ ಓಟು ಅಲ್ಯೂಮಿನಿಯಂಗೆ.

ಇನ್ನು ಆ ತೂಕದ ಮಾತು. 29 ಇಂಚಿನ ಮಾಮೂಲಿ ಮೌಂಟನ್ ಟ್ಯೂಬ್ ಸುಮಾರು 200 ಗ್ರಾಂ ಇರುತ್ತೆ. ಅದು ತೆಗೆದು 100 ಮಿಲಿ ಸೀಲೆಂಟ್ ಸುರಿದ್ರೂ ಒಂದು ಚಕ್ರಕ್ಕೆ ಹೆಚ್ಚುಕಮ್ಮಿ 100 ಗ್ರಾಂ ಉಳಿತಾಯ. ಅಂದ್ರೆ 450 ಗ್ರಾಂ ರಿಮ್ ಬಿಟ್ಟು 520 ಗ್ರಾಮಿನ ಗಟ್ಟಿ ರಿಮ್ ತಗೊಂಡ್ರೂ ಚಕ್ರ ಮೊದಲಿಗಿಂತ ಹಗುರವೇ. ಪ್ರೆಷರ್ ಇಳಿಸಿ ಓಡಿಸ್ತೀವಿ ಅಂದ್ರೆ ರಿಮ್ಮಿಗೆ ಬೀಳೋ ಏಟೂ ಜಾಸ್ತಿ, ಆ ಉಳಿದ ಗ್ರಾಮುಗಳನ್ನ ಅಲ್ಲೇ ಖರ್ಚು ಮಾಡೋದು ಬುದ್ಧಿವಂತಿಕೆ. ಅದರಲ್ಲೂ ಹಿಂದಿನ ಚಕ್ರಕ್ಕೆ. ಮೈಭಾರ ಹೆಚ್ಚಾಗಿ ಬೀಳೋದು ಹಿಂದೆ, ಮುಂದಿನ ಚಕ್ರ ಸಾಮಾನ್ಯವಾಗಿ ನಾವು ನೋಡಿ ದಾಟಿಸ್ತೀವಿ, ಹಿಂದಿಂದು ಸಿಕ್ಕಿದ್ದಕ್ಕೆಲ್ಲ ಬಡಿಸ್ಕೊಂಡು ಬರುತ್ತೆ. ಮುಂದೆ ಒಂದು, ಹಿಂದೆ ಅದಕ್ಕಿಂತ ಗಟ್ಟಿ ಇನ್ನೊಂದು ಹಾಕಿದ್ರೆ ಯಾವ ತಪ್ಪೂ ಇಲ್ಲ.

ಕಡ್ಡಿ ತೂತು ಸಾಮಾನ್ಯವಾಗಿ 28 ಅಥವಾ 32 ಇರುತ್ತೆ, ಚಕ್ರದ ನಡುವಿನ ಹಬ್‌ನಲ್ಲಿ ಎಷ್ಟಿದೆಯೋ ಅಷ್ಟೇ ಇರ್ಬೇಕು. ಬರೀ ರಿಮ್ ಬದಲಾಯಿಸ್ತೀನಿ ಅಂದ್ರೆ ಇಆರ್‌ಡಿ ಅನ್ನೋ ಅಳತೆ ಕೇಳಿ, ಅಂದ್ರೆ ರಿಮ್ಮಲ್ಲಿ ಕಡ್ಡಿ ತುದಿಗಳು ಬಂದು ನಿಲ್ಲೋ ಜಾಗದ ವ್ಯಾಸ, ಹಳೇದಕ್ಕೂ ಹೊಸದಕ್ಕೂ ಅದು ಹೊಂದಿಲ್ಲಾಂದ್ರೆ ಹಳೇ ಕಡ್ಡಿ ಉದ್ದ ಸರಿಹೋಗಲ್ಲ. ಕೆಲವು ರಿಮ್ಮಲ್ಲಿ ತೂತುಗಳು ನಡುಮಧ್ಯೆ ಇರದೆ ಒಂದು ಪಕ್ಕಕ್ಕೆ ಸರಿದಿರುತ್ತೆ, ತಯಾರಿಕೆ ದೋಷ ಅಂತ ವಾಪಸ್ ಕೊಡ್ಬೇಡಿ, ಎರಡೂ ಪಕ್ಕದ ಕಡ್ಡಿಗಳ ಬಿಗಿ ಸಮ ಬರ್ಲಿ ಅಂತ ಬೇಕಂತಲೇ ಮಾಡಿರೋದು.

ತೂತುಗಳ ಒಳಬಾಯಿಯನ್ನ ಮಾತ್ರ ಒಂದೊಂದಾಗಿ ಬೆರಳಲ್ಲಿ ಸವರಿ. ಗಾಳಿ ತುಂಬಿದ್ಮೇಲೆ ಟೇಪ್ ಪ್ರತಿ ತೂತಿನ ಮೇಲೂ ಚರ್ಮ ಬಿಗಿದ ಡೋಲಿನ ಹಾಗೆ ನಿಂತಿರುತ್ತೆ, 9 ಮಿಲಿಮೀಟರ್ ತೂತು, 25 ಪಿಎಸ್‌ಐ ಅಂತ ಹಿಡಿದ್ರೆ ಒಂದೊಂದರ ಮೇಲೂ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ ಭಾರ, ಹಗಲೂ ರಾತ್ರಿ. ಕೊರೆದಾಗ ಉಳಿದ ಚೂಪು ಅಂಚು ಒಂದಿದ್ರೆ ಸಾಕು, ತಿಂಗಳೊಳಗೆ ಟೇಪ್ ಕತ್ತರಿಸುತ್ತೆ. ನುಣ್ಣನೆ ಮರಳು ಕಾಗದದಲ್ಲಿ ಉಜ್ಜಿದ್ರೆ ಹೋಗುತ್ತೆ. ಹಾಗೇ ರಿಮ್ಮಿನ ಜೋಡಣೆ ಜಾಗ, ಸಾಮಾನ್ಯವಾಗಿ ವಾಲ್ವ್ ತೂತಿಗೆ ನೇರ ಎದುರು ಇರುತ್ತೆ. ಬೆಸುಗೆ ಹಾಕಿದ್ದಾದ್ರೆ ಉಗುರಿಗೆ ಏನೂ ತಾಗಲ್ಲ. ಪಿನ್ ಹಾಕಿ ಸೇರಿಸಿದ್ದಾದ್ರೆ ಕೂದಲೆಳೆ ಸಂದು ಇರಬಹುದು, ಕೆಟ್ಟದ್ದೇನಲ್ಲ, ಆದ್ರೆ ಕಟ್ಟೆ ಮೇಲೆ ಮೆಟ್ಟಿಲಿನ ಥರ ಏರುಪೇರು ಇದ್ರೆ ಬೇಡ.

ಟೇಪ್ ಅಗಲ ರಿಮ್ಮಿನ ಒಳ ಅಗಲಕ್ಕಿಂತ ಎರಡು ಮೂರು ಮಿಲಿಮೀಟರ್ ಜಾಸ್ತಿ ಇರ್ಲಿ, ಯಾಕಂದ್ರೆ ಅದು ಹಳ್ಳಕ್ಕೆ ಇಳಿದು, ಹತ್ತಿ, ಕಟ್ಟೆ ಮೇಲೆ ಗೋಡೆವರೆಗೂ ಹೋಗ್ಬೇಕು, ಬೀಡ್ ಅದರ ಮೇಲೆ ಕೂತು ಒತ್ತಿ ಹಿಡಿಯುತ್ತೆ. ಹಳ್ಳ ಮಾತ್ರ ಮುಚ್ಚೋ ಕಿರಿದಾದ ಟೇಪ್ ಅಂಚಿನಿಂದ ಸೀಲೆಂಟ್ ಒಳಗೆ ನುಗ್ಗಿ ಎಬ್ಬಿಸುತ್ತೆ. ರಿಮ್ ತಳವನ್ನ ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ, ಟೇಪ್ ಜಗ್ಗಿ ಹಿಡಿದು ಸುತ್ತಿ, ಬಟ್ಟೇಲಿ ಹಳ್ಳದೊಳಗೆ ಒತ್ತಿ. ಟ್ಯೂಬ್ ಹಾಕಿ ಗಾಳಿ ತುಂಬಿ ಒಂದು ರಾತ್ರಿ ಬಿಟ್ರೆ ಟೇಪ್ ಚೆನ್ನಾಗಿ ಅಂಟ್ಕೊಳ್ಳುತ್ತೆ, ಮರುದಿನ ಒಂದು ಕಡೆ ಬೀಡ್ ಮಾತ್ರ ಎಬ್ಬಿಸಿ ಟ್ಯೂಬ್ ತೆಗೀರಿ, ಇನ್ನೊಂದು ಕಡೆ ಆಗಲೇ ಕೂತಿರೋದ್ರಿಂದ ಗಾಳಿ ಹಿಡಿಯೋದೂ ಸುಲಭ. ವಾಲ್ವ್ ಬುಡದ ರಬ್ಬರ್ ನಿಮ್ಮ ಹಳ್ಳದ ಆಕಾರಕ್ಕೆ ಹೊಂದ್ಬೇಕು, ದುಂಡಗಿನದ್ದೂ ಇದೆ, ಚೌಕದ್ದೂ ಇದೆ. ನಟ್ ಕೈಯಲ್ಲೇ ಬಿಗಿ ಮಾಡಿ, ಇಕ್ಕಳ ಹಾಕಿದ್ರೆ ದಾರಿ ಮಧ್ಯೆ ಟ್ಯೂಬ್ ಹಾಕೋ ಪರಿಸ್ಥಿತಿ ಬಂದಾಗ ಬಿಚ್ಚೋಕಾಗಲ್ಲ. ಬಿಗಿ ಟೈರ್ ಕೂತ್ಮೇಲೆ ರಿಮ್ಮನ್ನ ಸುತ್ತಲಿಂದ ಅಮುಕೋದ್ರಿಂದ ಕಡ್ಡಿಗಳ ಬಿಗಿ ಸ್ವಲ್ಪ ಇಳಿಯುತ್ತೆ, ಬೆಂಡ್ ತೆಗೆಯೋರಿಗೆ ಇದು ಟ್ಯೂಬ್‌ಲೆಸ್ ಚಕ್ರ ಅಂತ ಮೊದಲೇ ಹೇಳಿ.

ಮೊದಲ ರಾತ್ರಿ ಕಳೆದು ಬೆಳಿಗ್ಗೆ ಟೈರ್ ಮೆತ್ತಗಾಗಿದ್ರೆ ಗಾಬರಿ ಬೇಡ, ಗಾಳಿ ತುಂಬಿ ಚಕ್ರವನ್ನ ನೀರಿನ ಟಬ್ಬಲ್ಲಿ ಅದ್ದಿ ನೋಡಿ. ಟೈರ್ ಅಂಚಲ್ಲಿ ಗುಳ್ಳೆ ಬಂದ್ರೆ ಬೀಡ್ ಪೂರ್ತಿ ಕೂತಿಲ್ಲ, ಸೀಲೆಂಟ್ ಆ ಕಡೆ ಹೋಗೋ ಹಾಗೆ ಚಕ್ರ ಅಲ್ಲಾಡಿಸಿ ಮಲಗಿಸಿ ಇಡಿ, ಹೆಚ್ಚಾಗಿ ನಿಲ್ಲುತ್ತೆ. ಕಡ್ಡಿ ತುದಿಯ ನಟ್, ಅಂದ್ರೆ ನಿಪ್ಪಲ್ ಹತ್ರ ಗುಳ್ಳೆ ಬಂದ್ರೆ ಟೇಪ್ ಎಲ್ಲೋ ಸೋರ್ತಿದೆ ಅಂತ ಅರ್ಥ, ಆದ್ರೆ ಅದೇ ನಿಪ್ಪಲ್ ಮೇಲಿನ ಟೇಪ್ ಅಂತ ಅಂದ್ಕೋಬೇಡಿ. ರಿಮ್ಮಿನ ಟೈರ್ ಕಡೆಯ ತಳಕ್ಕೂ ಕಡ್ಡಿ ಕಡೆಯ ತಳಕ್ಕೂ ನಡುವೆ ಟೊಳ್ಳು ಇದೆ, ಗಾಳಿ ವಾಲ್ವ್ ಹತ್ರ ಒಳಗೆ ನುಗ್ಗಿ, ಟೊಳ್ಳಲ್ಲಿ ಅರ್ಧ ಸುತ್ತು ಓಡಾಡಿ, ಎಲ್ಲಿ ಸಡಿಲ ಸಿಗುತ್ತೋ ಅಲ್ಲಿ ಹೊರಗೆ ಬರುತ್ತೆ. ಹಾಗಾಗಿ ಗುಳ್ಳೆ ಬಂದ ಒಂದು ಜಾಗಕ್ಕೆ ಮಾತ್ರ ತುಂಡು ಟೇಪ್ ಅಂಟಿಸೋಕೆ ಹೋಗದೆ, ಹಳೇದನ್ನ ಪೂರ್ತಿ ಕಿತ್ತು, ತಳ ಒರೆಸಿ, ವಾಲ್ವ್ ತೂತಿನ ಅಂಚು ಇನ್ನೊಮ್ಮೆ ಸವರಿ ನೋಡಿ, ಹೊಸ ಟೇಪ್ ಮೊದಲಿಂದ ಸುತ್ತಿ.